ಡಿಸ್ಕ್ ಪ್ಯಾಡ್ ಕೊಳ್ಳುವ ಮುಂಚೆ ನಿಮ್ಮ ರಸ್ತೆ ನೋಡಿ, ನಿಮ್ಮ ಡಿಸ್ಕ್ ನೋಡಿ

ಸ್ಪೇರ್ಸ್ ಅಂಗಡಿಗೆ ಹೋಗಿ "ಅಣ್ಣಾ, ಮುಂದಿನ ಡಿಸ್ಕ್ ಪ್ಯಾಡ್ ಕೊಡಿ" ಅಂದರೆ ಕೌಂಟರಿನಿಂದ ಬರುವ ಪ್ರಶ್ನೆ ಒಂದೇ. "ಒರಿಜಿನಲ್ ಕೊಡ್ಲಾ, ಲೋಕಲ್ ಕೊಡ್ಲಾ?" ನಾವೂ ರೇಟ್ ಕೇಳಿ, ಒಂದನ್ನು ಹೇಳಿ, ದುಡ್ಡು ಕೊಟ್ಟು ಬಂದುಬಿಡುತ್ತೇವೆ. ಆ ಪ್ಯಾಡ್ ನಮ್ಮ ಬೈಕಿನ ಕ್ಯಾಲಿಪರಿನಲ್ಲಿ, ಅಂದರೆ ಬ್ರೇಕ್ ಹಿಡಿದಾಗ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗದಲ್ಲಿ, ಸರಿಯಾಗಿ ಕೂರುತ್ತದಾ, ನಾವು ದಿನಾ ಓಡಾಡುವ ರಸ್ತೆಗೆ ಆಗಿ ಬರುತ್ತದಾ, ಈಗಿರುವ ಡಿಸ್ಕ್ ಅದನ್ನು ತಡೆದುಕೊಳ್ಳುತ್ತದಾ ಅಂತ ಅವರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ನಾನು ಇರುವುದು ತೀರ್ಥಹಳ್ಳಿ ಹತ್ತಿರ. ಕೆಲಸದ ಮೇಲೆ ತಿಂಗಳಿಗೆ ಮೂರ್ನಾಲ್ಕು ಸಲ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ ಬರುತ್ತೇನೆ. ಬೈಕು 150 ಸಿಸಿಯದ್ದು. ಕೆಲವು ವರ್ಷದ ಹಿಂದೆ ಒಂದು ಮಾರ್ಚ್ ತಿಂಗಳಲ್ಲಿ ತಮ್ಮನನ್ನು ಹಿಂದೆ ಕೂರಿಸಿಕೊಂಡು ಇಳಿಯುತ್ತಿದ್ದೆ. ಹಿಂದಿನ ದಿನ ಸಂಜೆಯಷ್ಟೇ ಹೊಸ ಪ್ಯಾಡ್ ಹಾಕಿಸಿದ್ದೆ, ಅಂಗಡಿಯಲ್ಲಿ ಇದ್ದುದರಲ್ಲೇ ಕಡಿಮೆ ರೇಟಿನದ್ದು. ಅರ್ಧ ಘಾಟಿ ಇಳಿದಿರಬೇಕು, ಒಂದು ತಿರುವಿಗೆ ಬ್ರೇಕ್ ಹಿಡಿದೆ. ಲಿವರ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಬೈಕು ಮಾತ್ರ ನಿಧಾನ ಆಗಲಿಲ್ಲ. ಇನ್ನೂ ಜೋರಾಗಿ ಹಿಂಡಿದೆ, ಏನೂ ವ್ಯತ್ಯಾಸ ಇಲ್ಲ. ಗೇರ್ ಇಳಿಸಿ, ಹಿಂದಿನ ಬ್ರೇಕ್ ತುಳಿದು, ತಿರುವಿನಾಚೆ ಗೋಡೆಯ ಪಕ್ಕ ಹೇಗೋ ನಿಲ್ಲಿಸಿದೆ. ಮುಂದಿನ ಚಕ್ರದಿಂದ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ತಮ್ಮ ನೀರಿನ ಬಾಟಲಿ ತೆಗೆದು ಡಿಸ್ಕಿನ ಮೇಲೆ ಸುರಿಯಲು ಹೋದ, ಬೇಡ ಅಂತ ತಡೆದೆ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುವ ಸಾಧ್ಯತೆ ಇರುತ್ತದೆ. ಮುಕ್ಕಾಲು ಗಂಟೆ ಅಲ್ಲೇ ಕೂತು, ಆಮೇಲೆ ಎರಡನೇ ಗೇರಿನಲ್ಲೇ ಘಾಟಿಯ ಬುಡದ ಸೋಮೇಶ್ವರದವರೆಗೆ ಇಳಿದೆವು.

ಅವತ್ತಿನಿಂದ ಪ್ಯಾಡ್ ವಿಷಯದಲ್ಲಿ ನಾನು ಏನೇನು ನೋಡುತ್ತೇನೋ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ನಿಜಕ್ಕೂ ಬದಲಿಸುವ ಹೊತ್ತಾಗಿದೆಯಾ?

ಮೊಬೈಲ್ ಟಾರ್ಚ್ ಹಾಕಿ ಮುಂದಿನ ಚಕ್ರದ ಹತ್ತಿರ ಕೂತುಕೊಳ್ಳಿ. ಕ್ಯಾಲಿಪರ್ ಅಂದರೆ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿದಿರುವ ಆ ಕಪ್ಪು ಅಥವಾ ಬಂಗಾರ ಬಣ್ಣದ ಭಾಗ. ಅದರ ಹಿಂದಿನಿಂದ ಅಥವಾ ಕೆಳಗಿನಿಂದ ಬೆಳಕು ಬಿಟ್ಟರೆ ಡಿಸ್ಕಿನ ಎರಡೂ ಪಕ್ಕ ಪ್ಯಾಡ್ ಕಾಣುತ್ತದೆ. ಒಂದು ಕಬ್ಬಿಣದ ತಗಡು, ಅದರ ಮೇಲೆ ಅಂಟಿಸಿದ ಲೈನಿಂಗ್. ಸವೆಯುವುದು ಲೈನಿಂಗ್. ಹೊಸದರಲ್ಲಿ ಸಾಮಾನ್ಯವಾಗಿ ನಾಲ್ಕೈದು ಮಿಲಿಮೀಟರ್ ಇರುತ್ತದೆ. ಒಂದೂವರೆ ಮಿಲಿಮೀಟರಿಗೆ ಬಂತು ಅಂದರೆ ಹೊಸ ಸೆಟ್ ತಂದಿಟ್ಟುಕೊಳ್ಳಿ, ಒಂದಕ್ಕೆ ಬಂದರೆ ಆವತ್ತೇ ಬದಲಿಸಿ. ಬಹಳಷ್ಟು ಪ್ಯಾಡುಗಳಲ್ಲಿ ಲೈನಿಂಗ್ ನಡುವೆ ಒಂದು ಗೀರಿನ ಹಾಗೆ ಸಣ್ಣ ಕಾಲುವೆ ಇರುತ್ತದೆ. ಅದು ಅಳಿಸಿಹೋಗಿದ್ದರೆ ಪ್ಯಾಡಿನ ಆಯಸ್ಸು ಮುಗಿಯಿತು ಅಂತಲೇ ಲೆಕ್ಕ.

ಒಂದು ಪಕ್ಕ ನೋಡಿ ಎದ್ದುಬಿಡಬೇಡಿ. ಎರಡೂ ಪಕ್ಕ ನೋಡಿ. ಒಳಗಿನ ಪ್ಯಾಡ್ ಪೂರ್ತಿ ಸವೆದು ಹೊರಗಿನದ್ದು ಅರ್ಧ ಹಾಗೇ ಇದ್ದರೆ ತಪ್ಪು ಪ್ಯಾಡಿನದ್ದಲ್ಲ. ಕ್ಯಾಲಿಪರ್ ಆಚೀಚೆ ಜಾರಲು ಇರುವ ಪಿನ್‌ಗಳು ಮಣ್ಣು, ತುಕ್ಕು ಹಿಡಿದು ಬಿಗಿದುಕೊಂಡಿರುತ್ತವೆ. ಅದನ್ನು ಸರಿಮಾಡದೆ ಎಷ್ಟೇ ಒಳ್ಳೆಯ ಪ್ಯಾಡ್ ಹಾಕಿದರೂ ಅದೂ ಹೀಗೇ ಒಂದೇ ಕಡೆ ಸವೆಯುತ್ತದೆ. ನಮ್ಮ ಮಲೆನಾಡಿನಲ್ಲಿ ಕರಾವಳಿಯಲ್ಲಿ ಇದು ತುಂಬಾ ಸಾಮಾನ್ಯ, ಯಾಕೆಂದರೆ ನಾಲ್ಕು ತಿಂಗಳು ಬೈಕು ಒದ್ದೆಯಲ್ಲೇ ಇರುತ್ತದೆ.

ಸದ್ದಿನ ವಿಷಯ. ಮಳೆಯಲ್ಲಿ ರಾತ್ರಿ ಹೊರಗೆ ನಿಂತ ಬೈಕು ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಕಿರುಗುಟ್ಟಿದರೆ ಹೆದರಬೇಡಿ, ಆಮೇಲೆ ತಾನೇ ನಿಲ್ಲುತ್ತದೆ. ಕೀಂ ಅನ್ನುವ ಸಣ್ಣ ಶಿಳ್ಳೆ ಹೆಚ್ಚಾಗಿ ಧೂಳಿನಿಂದ ಬರುತ್ತದೆ. ಆದರೆ ಕರ್‌ರ್ ಅಂತ ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದ ಸದ್ದು ಬಂದರೆ ಲೈನಿಂಗ್ ಮುಗಿದು ತಗಡು ಡಿಸ್ಕನ್ನು ಕೊರೆಯುತ್ತಿದೆ ಅಂತ ಅರ್ಥ. ಅಲ್ಲಿಂದ ಮುಂದೆ ಓಡಿಸುವ ಒಂದೊಂದು ಕಿಲೋಮೀಟರೂ ದುಬಾರಿ. ಪ್ಯಾಡ್ ಸೆಟ್ಟಿಗೆ ಕೊಡುವುದರ ಹಲವು ಪಟ್ಟು ದುಡ್ಡು ಡಿಸ್ಕಿಗೆ ಹೋಗುತ್ತದೆ.

ಇನ್ನೊಂದು ಮಾತು, ಇದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಪ್ಯಾಡ್ ಸವೆದ ಹಾಗೆ ಹ್ಯಾಂಡಲ್ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮಟ್ಟ ನಿಧಾನಕ್ಕೆ ಇಳಿಯುತ್ತದೆ. ಅದು ಸೋರಿಕೆ ಇರಬೇಕೆಂದೇನಿಲ್ಲ. ಕ್ಯಾಲಿಪರಿನಲ್ಲಿ ಪ್ಯಾಡನ್ನು ಒತ್ತುವ ಪಿಸ್ಟನ್ ಮುಂದೆ ಬಂದ ಜಾಗಕ್ಕೆ ಆಯಿಲ್ ಹೋಗಿರುತ್ತದೆ, ಅಷ್ಟೇ. ಹಾಗಾಗಿ ಮಟ್ಟ ಇಳಿದಿದೆ ಅಂತ ಸುಮ್ನೆ ಮೇಲಿಂದ ತುಂಬಿಸುವ ಮುಂಚೆ ಪ್ಯಾಡ್ ನೋಡಿ.

ಕೂರುತ್ತದಾ ಇಲ್ಲವಾ

ಲೈನಿಂಗ್ ಯಾವ ಜಾತಿ ಅನ್ನುವುದು ಆಮೇಲಿನ ಮಾತು. ಮೊದಲು ಆಕಾರ. ಡಿಸ್ಕ್ ಪ್ಯಾಡ್ ಅನ್ನುವುದು ಬೈಕಿನ ಭಾಗ ಅನ್ನುವುದಕ್ಕಿಂತ ಕ್ಯಾಲಿಪರಿನ ಭಾಗ. ಒಂದೇ ಹೆಸರಿನ ಬೈಕು ಎರಡು ವರ್ಷದ ಅಂತರದಲ್ಲಿ ಬೇರೆ ಕ್ಯಾಲಿಪರ್ ಹಾಕಿಕೊಂಡು ಬಂದಿರಬಹುದು. ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಇರುವ ಮಾಡೆಲಿಗೂ ಇಲ್ಲದ ಮಾಡೆಲಿಗೂ ಪ್ಯಾಡ್ ಬೇರೆ ಇರಬಹುದು. ಇತ್ತ ಬೇರೆ ಬೇರೆ ಕಂಪನಿಯ ಎರಡು ಬೈಕಿಗೆ ಒಂದೇ ಪ್ಯಾಡ್ ಕೂರುವುದೂ ಉಂಟು, ಎರಡರಲ್ಲೂ ಒಂದೇ ಕ್ಯಾಲಿಪರ್ ಇದ್ದರೆ. ಬೈಬ್ರೆ ಅಂತ ಬರೆದ ಕ್ಯಾಲಿಪರ್ ನೋಡಿರುತ್ತೀರಿ, ಅದು ಇಟಲಿಯ ಬ್ರೆಂಬೊ ಕಂಪನಿ ಸಣ್ಣ ಮತ್ತು ಮಧ್ಯಮ ಬೈಕುಗಳಿಗೆಂದೇ ಮಾಡಿದ ಹೆಸರು. ಕೆಟಿಎಂ, ರಾಯಲ್ ಎನ್‌ಫೀಲ್ಡ್, ಬಜಾಜ್ ಎಲ್ಲದರಲ್ಲೂ ಕಾಣಸಿಗುತ್ತದೆ. ಹಾಗಂತ ಎಲ್ಲಾ ಬೈಬ್ರೆಗೂ ಒಂದೇ ಪ್ಯಾಡ್ ಅಂತಲೂ ಅಲ್ಲ.

ಹಾಗಾಗಿ ಅಂಗಡಿಯಲ್ಲಿ ಬೈಕಿನ ಹೆಸರೊಂದನ್ನೇ ಹೇಳಬೇಡಿ. ಮಾಡೆಲ್, ತಯಾರಾದ ವರ್ಷ, ಎಬಿಎಸ್ ಇದೆಯಾ ಇಲ್ಲವಾ, ಮುಂದಿನದ್ದಾ ಹಿಂದಿನದ್ದಾ, ಇಷ್ಟು ಹೇಳಿ. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಕಂಪನಿ ಸರ್ವೀಸ್ ಸೆಂಟರಿನ ಪಾರ್ಟ್ಸ್ ಕೌಂಟರಿನಲ್ಲಿ ಕೇಳಿದರೆ ಪಾರ್ಟ್ ನಂಬರ್ ಹೇಳುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಿ. ಎಲ್ಲಕ್ಕಿಂತ ಗ್ಯಾರಂಟಿ ಏನೆಂದರೆ ಹಳೆಯ ಪ್ಯಾಡನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗುವುದು. ಹೊಸದರ ತಗಡನ್ನು ಹಳೆಯದರ ತಗಡಿನ ಬೆನ್ನಿಗೆ ಒತ್ತಿ ಹಿಡಿಯಿರಿ. ಪಿನ್ ತೂತು ತೂತಿಗೆ ಕೂರಬೇಕು, ಕಿವಿ ಕಿವಿಗೆ ಕೂರಬೇಕು, ಅಂಚು ಎಲ್ಲೂ ಹೊರಗೆ ಚಾಚಬಾರದು. "ಸ್ವಲ್ಪ ಉಜ್ಜಿದರೆ ಕೂರುತ್ತೆ ಸಾರ್" ಅಂದರೆ ಬೇಡ ಅನ್ನಿ. ಉಜ್ಜಿ ಕೂರಿಸಿದ ಪ್ಯಾಡ್ ಕ್ಯಾಲಿಪರಿನಲ್ಲಿ ಅಲುಗಾಡುತ್ತದೆ ಇಲ್ಲವೇ ಸಿಕ್ಕಿಕೊಳ್ಳುತ್ತದೆ, ಎರಡೂ ಅಪಾಯ.

ಯಾವ ಲೈನಿಂಗ್, ಯಾವ ರಸ್ತೆ

ಇದೇ ಮುಖ್ಯ ವಿಷಯ, ಸ್ವಲ್ಪ ನಿಧಾನಕ್ಕೆ ಓದಿ.

ಪ್ಯಾಕೆಟ್ ಮೇಲೆ ಆರ್ಗಾನಿಕ್ ಅಂತ ಇದ್ದರೆ ನಾರು ಮತ್ತು ಹಲವು ಬಗೆಯ ಪುಡಿಗಳನ್ನು ರಾಳದಂಥ ಅಂಟಿನಲ್ಲಿ ಕಲಸಿ, ಒತ್ತಿ, ಬೇಯಿಸಿ ಮಾಡಿದ ಲೈನಿಂಗ್ ಅದು. ಮೆದು. ಸದ್ದು ಕಡಿಮೆ. ಡಿಸ್ಕನ್ನು ಹೆಚ್ಚು ತಿನ್ನುವುದಿಲ್ಲ, ಬ್ರೇಕ್ ಹಿಡಿದಾಗ ಹಿತವಾಗಿ, ಮೆಲ್ಲಗೆ ಹಿಡಿಯುತ್ತದೆ. ಬೆಲೆಯೂ ಕಡಿಮೆ. ಆದರೆ ಬೇಗ ಸವೆಯುತ್ತದೆ, ಮತ್ತು ತುಂಬಾ ಬಿಸಿಯಾದರೆ ಹಿಡಿತ ಬಿಡುತ್ತದೆ. ಹಿಂದೆಲ್ಲಾ ಇದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಹಾಕುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಪ್ಯಾಕೆಟ್ ಮೇಲೆ ನಾನ್ ಆಸ್ಬೆಸ್ಟಾಸ್ ಅಂತ ಬರೆದದ್ದನ್ನೇ ತೆಗೆದುಕೊಳ್ಳಿ.

ಸೆಮಿ ಮೆಟಾಲಿಕ್ ಅಂದರೆ ಅದೇ ಅಂಟಿನಲ್ಲಿ ಉಕ್ಕಿನ ನಾರು, ಲೋಹದ ಪುಡಿ ಜಾಸ್ತಿ ಸೇರಿಸಿದ್ದು. ಬಿಸಿ ತಡೆಯುವ ಶಕ್ತಿ, ಬಾಳಿಕೆ ಎರಡೂ ಸ್ವಲ್ಪ ಹೆಚ್ಚು.

ಸಿಂಟರ್ಡ್ ಅನ್ನುವುದು ಪೂರಾ ಬೇರೆ ಜಾತಿ. ಅದರಲ್ಲಿ ಅಂಟು ಇಲ್ಲ. ತಾಮ್ರ ಮುಖ್ಯವಾಗಿರುವ ಲೋಹದ ಪುಡಿಗಳನ್ನು ಒತ್ತಿ, ಪೂರ್ತಿ ಕರಗದ ಹಾಗೆ ಕಾಯಿಸಿ, ಒಂದಕ್ಕೊಂದು ಬೆಸೆದಿರುತ್ತಾರೆ. ಸುಡಲು ಅಂಟೇ ಇಲ್ಲವಲ್ಲ, ಹಾಗಾಗಿ ಎಷ್ಟು ಕಾದರೂ ಹಿಡಿತ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮಳೆಯಲ್ಲೂ ಚೆನ್ನಾಗಿ ಹಿಡಿಯುತ್ತದೆ, ಹೆಚ್ಚು ದಿನ ಬಾಳುತ್ತದೆ. ತೊಂದರೆ ಏನೆಂದರೆ ಗಟ್ಟಿ ಇರುವುದರಿಂದ ಡಿಸ್ಕನ್ನು ಬೇಗ ಸವೆಸುತ್ತದೆ, ಬಿಸಿಯನ್ನು ಪಿಸ್ಟನ್ ಕಡೆಗೂ ಬ್ರೇಕ್ ಆಯಿಲ್ ಕಡೆಗೂ ಜಾಸ್ತಿ ದಾಟಿಸುತ್ತದೆ, ಬೆಲೆಯೂ ಜಾಸ್ತಿ. ಸಿರಾಮಿಕ್ ಅಂತಲೂ ಒಂದು ಸಿಗುತ್ತದೆ, ಧೂಳು ಸದ್ದು ಕಡಿಮೆ, ಆದರೆ ನಮ್ಮ ಬಳಕೆಯ ಬೈಕುಗಳಿಗೆ ಅದರ ಹಿಂದೆ ಬೀಳುವ ಅಗತ್ಯ ನನಗೆ ಕಂಡಿಲ್ಲ.

ಈಗ ಆಗುಂಬೆಯಲ್ಲಿ ನನಗೆ ಆದದ್ದಕ್ಕೆ ಬನ್ನಿ. ಒಂದು ಲೆಕ್ಕ ಹಾಕಿ. ಬೈಕು ಮತ್ತು ಇಬ್ಬರು ಜನ ಸೇರಿ 280 ಕೆಜಿ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವು ದಾಟಿ ಇಳಿಯುವ ಎತ್ತರ ಸುಮಾರು ಅರ್ಧ ಕಿಲೋಮೀಟರ್. ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ನಾಲ್ಕು ಲೀಟರ್ ತಣ್ಣೀರು ಕುದಿಸಬಹುದು. ಅದರಲ್ಲಿ ಸ್ವಲ್ಪವನ್ನು ಗಾಳಿ ತಡೆಯುತ್ತದೆ, ಗೇರಿನಲ್ಲಿದ್ದರೆ ಎಂಜಿನ್ ಒಂದಷ್ಟು ತಡೆಯುತ್ತದೆ. ಉಳಿದ ಬಿಸಿಯೆಲ್ಲಾ ಅಂಗೈಗಿಂತ ಸಣ್ಣದಾದ ಪ್ಯಾಡುಗಳು ಮತ್ತು ತೆಳ್ಳಗಿನ ಡಿಸ್ಕಿನ ಪಾಲಿಗೆ. ನಾನು ಮೂರನೇ ಗೇರಿನಲ್ಲಿ ಬ್ರೇಕನ್ನೇ ನಂಬಿ ಇಳಿಯುತ್ತಿದ್ದೆ. ಪ್ಯಾಡ್ ಹೊಚ್ಚ ಹೊಸದು. ಹೊಸ ಲೈನಿಂಗ್ ಮೊದಲ ಸಲ ಜೋರಾಗಿ ಕಾದಾಗ ಅದರ ಅಂಟಿನಿಂದ ಅನಿಲ ಹೊರಬರುತ್ತದೆ. ಆ ಅನಿಲ ಪ್ಯಾಡಿಗೂ ಡಿಸ್ಕಿಗೂ ನಡುವೆ ತೆಳ್ಳಗಿನ ಪದರದ ಹಾಗೆ ನಿಂತು ಪ್ಯಾಡ್ ಜಾರತೊಡಗುತ್ತದೆ. ಲಿವರ್ ಗಟ್ಟಿ, ಹಿಡಿತ ಇಲ್ಲ.

ಇದನ್ನು ಇನ್ನೊಂದು ತೊಂದರೆಯ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಲಿವರ್ ಮೆತ್ತಗಾಗಿ ಹ್ಯಾಂಡಲ್ ಗ್ರಿಪ್‌ವರೆಗೂ ಬಂದುಬಿಟ್ಟರೆ ಅದು ಪ್ಯಾಡ್ ಅಲ್ಲ, ಬ್ರೇಕ್ ಆಯಿಲ್ ಕುದ್ದು ಪೈಪಿನಲ್ಲಿ ಗುಳ್ಳೆ ಬಂದಿರುವುದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಆಯಿಲ್ ಕುದಿಯಲು ಕಡಿಮೆ ಅಂದರೂ 230 ಡಿಗ್ರಿ ಬೇಕು, ತೇವ ಹೀರಿದ ಮೇಲೆ ಅದೇ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅನ್ನುವುದು ಇದಕ್ಕೇ. ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಪ್ಯಾಡಿನ ಜೊತೆಗೇ ಅದನ್ನೂ ಬದಲಿಸಿಬಿಡಿ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಇರುತ್ತದೆ. ಮುಚ್ಚಳ ಏನು ಹೇಳುತ್ತದೋ ಅದನ್ನೇ ಹಾಕಿ. ಡಾಟ್ 5 ಅನ್ನುವುದು ಸಿಲಿಕೋನ್ ಆಯಿಲ್, ಅದನ್ನು ಇವುಗಳ ಜೊತೆ ಬೆರೆಸಲೇಬಾರದು.

ಸರಿ, ಹಾಗಾದರೆ ಯಾರಿಗೆ ಯಾವುದು? ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮನೆಯಿಂದ ಆಫೀಸು, ಆಫೀಸಿನಿಂದ ಮನೆ, ಗಂಟೆಗೆ ಇಪ್ಪತ್ತು ಮೂವತ್ತರ ವೇಗ, ಇಷ್ಟೇ ಇದ್ದರೆ ಕಂಪನಿ ಕೊಡುವ ಆರ್ಗಾನಿಕ್ ಪ್ಯಾಡ್ ಧಾರಾಳ ಸಾಕು. ಅಲ್ಲಿ ಬ್ರೇಕ್ ಹಿಡಿಯುವುದು ಜಾಸ್ತಿಯಾದರೂ ವೇಗ ಕಡಿಮೆ, ಹಾಗಾಗಿ ಬಿಸಿ ಅಷ್ಟಾಗಿ ಏರುವುದಿಲ್ಲ. ಹುಬ್ಬಳ್ಳಿ, ವಿಜಯಪುರ ಕಡೆಯ ಬಯಲು ರಸ್ತೆಯಲ್ಲಿ ಓಡಿಸುವವರಿಗೆ ಬಿಸಿಗಿಂತ ಧೂಳಿನ ಕಾಟ ಹೆಚ್ಚು. ಅಲ್ಲೂ ದುಬಾರಿ ಪ್ಯಾಡಿಗಿಂತ ಕ್ಯಾಲಿಪರ್ ಆಗಾಗ ತೊಳೆಸುವುದೇ ಹೆಚ್ಚು ಉಪಯೋಗ.

ಆಗುಂಬೆ, ಚಾರ್ಮಾಡಿ, ಹುಲಿಕಲ್ ಇಂಥ ಘಾಟಿಗಳನ್ನು ಹಿಂದೆ ಒಬ್ಬರನ್ನು ಕೂರಿಸಿಕೊಂಡು ಆಗಾಗ ಇಳಿಯುವವರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಮಳೆಯಲ್ಲೇ ಓಡಿಸುವವರು ಮಾತ್ರ ಸೆಮಿ ಮೆಟಾಲಿಕ್ ಅಥವಾ ಸಿಂಟರ್ಡ್ ಬಗ್ಗೆ ಯೋಚಿಸಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಒದ್ದೆ ಡಿಸ್ಕಿನ ಮೇಲೆ ನೀರಿನ ಪದರ ಇರುವಾಗ ಆರ್ಗಾನಿಕ್ ಪ್ಯಾಡ್ ಹಿಡಿಯಲು ಒಂದು ಕ್ಷಣ ತಡ ಮಾಡುತ್ತದೆ. ಆ ಒಂದು ಕ್ಷಣವನ್ನು ನಾನು ಎಷ್ಟೋ ಸಲ ಕೈಯಲ್ಲಿ ಅನುಭವಿಸಿದ್ದೇನೆ. ಈಗಂತೂ ಮಳೆಯಲ್ಲಿ ತಿರುವು ಬರುವ ಮುಂಚೆಯೇ ಲಿವರನ್ನು ಒಮ್ಮೆ ಮೆಲ್ಲಗೆ ಒತ್ತಿ ಡಿಸ್ಕ್ ಒರೆಸಿಕೊಳ್ಳುವುದು ಅಭ್ಯಾಸವಾಗಿದೆ.

ಆದರೆ ಸಿಂಟರ್ಡ್ ಹಾಕುವ ಮುಂಚೆ ಎರಡು ಮಾತು. ನಿಮ್ಮ ಬೈಕಿಗೆ ಮೊದಲಿನಿಂದ ಬಂದ ಪ್ಯಾಡ್ ಸಿಂಟರ್ಡ್ ಆಗಿದ್ದರೆ ಅದನ್ನೇ ಮುಂದುವರಿಸಿ, ಅಗ್ಗ ಅಂತ ಆರ್ಗಾನಿಕ್ ಹಾಕಬೇಡಿ. ಮೊದಲಿನಿಂದ ಆರ್ಗಾನಿಕ್ ಇದ್ದರೆ, ಪ್ಯಾಡ್ ತಯಾರಿಸುವ ಕಂಪನಿ ತನ್ನ ಪಟ್ಟಿಯಲ್ಲಿ ನಿಮ್ಮ ಮಾಡೆಲಿಗೆ ಸಿಂಟರ್ಡ್ ಕೊಟ್ಟಿದೆಯಾ ಅಂತ ನೋಡಿ ಆಮೇಲೆ ಹಾಕಿ. ಎರಡನೆಯದು, ಎಬಿಎಸ್. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ ಆಯಿತು. ಅದಕ್ಕಿಂತ ಹಳೆಯ ಬೈಕಾದರೆ ಎಬಿಎಸ್ ಇಲ್ಲದಿರುವ ಸಂಭವವೇ ಹೆಚ್ಚು. ಅಂಥದ್ದರ ಮುಂದಿನ ಚಕ್ರಕ್ಕೆ ಗಬಕ್ಕನೆ ಹಿಡಿಯುವ ಪ್ಯಾಡ್ ಹಾಕಿ, ಮಳೆಯಲ್ಲಿ ಗಾಬರಿಯಿಂದ ಹಿಂಡಿದರೆ ಚಕ್ರ ಲಾಕ್ ಆಗಿ ಬೈಕು ಮಲಗುತ್ತದೆ. ಹಿಡಿತ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಅಲ್ಲ, ನಿಮ್ಮ ಕೈಗೆ ಅಳತೆ ಸಿಗುವ ಹಿಡಿತ ಬೇಕು. ನಾನು ನನ್ನ ಬೈಕಿಗೆ ಈಗ ಹಾಕುತ್ತಿರುವುದು ಕಂಪನಿಯದ್ದೇ ಪ್ಯಾಡ್, ಇಳಿಯುವುದು ಎರಡನೇ ಗೇರಿನಲ್ಲಿ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಅಂತ ಹಳೆಯ ಲಾರಿ ಡ್ರೈವರುಗಳು ಹೇಳುತ್ತಾರೆ, ಅದು ಬೈಕಿಗೂ ಅಷ್ಟೇ ನಿಜ.

ಬೆನ್ನ ಮೇಲಿನ ಎರಡು ಅಕ್ಷರ

ಕೆಲವು ಪ್ಯಾಡುಗಳ ಬೆನ್ನಿನಲ್ಲೋ ಅಂಚಿನಲ್ಲೋ ಉದ್ದದ ಕೋಡ್ ಇರುತ್ತದೆ. ಅದರ ಕೊನೆಯಲ್ಲಿ ಎಫ್‌ಎಫ್, ಜಿಜಿ, ಎಚ್‌ಎಚ್ ಹೀಗೆ ಎರಡು ಇಂಗ್ಲಿಷ್ ಅಕ್ಷರ. ಇದು ಹಿಡಿತದ, ಅಂದರೆ ಘರ್ಷಣೆಯ ಅಳತೆ. ಮೊದಲ ಅಕ್ಷರ ಸಾಧಾರಣ ಬಿಸಿಯಲ್ಲಿ ಎಷ್ಟು ಹಿಡಿಯುತ್ತದೆ ಅನ್ನುವುದಕ್ಕೆ, ಎರಡನೆಯದು ಚೆನ್ನಾಗಿ ಕಾದಾಗ ಎಷ್ಟು ಅನ್ನುವುದಕ್ಕೆ. ಇ ಅಂದರೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55, ಎಚ್ ಅಂದರೆ ಅದಕ್ಕಿಂತ ಮೇಲೆ. ಘಾಟಿಯವರು ಮುಖ್ಯವಾಗಿ ನೋಡಬೇಕಾದದ್ದು ಎರಡನೇ ಅಕ್ಷರವನ್ನು. ಅದು ಮೊದಲಿನದ್ದಕ್ಕಿಂತ ಕೆಳಗಿದ್ದರೆ ಕಾದಾಗ ಹಿಡಿತ ಇಳಿಯುತ್ತದೆ ಅಂತ ಪ್ಯಾಡೇ ಹೇಳುತ್ತಿದೆ. ಈ ಅಕ್ಷರಗಳಿಂದ ಬಾಳಿಕೆಯಾಗಲಿ ಗುಣಮಟ್ಟವಾಗಲಿ ಗೊತ್ತಾಗುವುದಿಲ್ಲ, ಅದು ನೆನಪಿರಲಿ.

ಡಿಸ್ಕಿಗೆ ಉಗುರು ತಾಗಿಸಿ ನೋಡಿ

ಪ್ಯಾಡ್ ಬಿಚ್ಚಿದಾಗಲೇ ಡಿಸ್ಕ್ ನೋಡುವುದು ಸುಲಭ. ಅದು ತಣ್ಣಗಿರಬೇಕು. ಪ್ಯಾಡ್ ಓಡಾಡುವ ಜಾಗದ ಮೇಲೆ ಉಗುರನ್ನು ಒಳಗಿನಿಂದ ಹೊರಗೆ ಎಳೆಯಿರಿ. ತುದಿಯಲ್ಲಿ ಪ್ಯಾಡ್ ತಾಗದ ಕಡೆ ಒಂದು ಸಣ್ಣ ದಿಬ್ಬ ಸಿಗುತ್ತದೆ. ದಿಬ್ಬ ಎಷ್ಟು ಎತ್ತರವೋ ಡಿಸ್ಕ್ ಆ ಪಕ್ಕ ಅಷ್ಟು ಸವೆದಿದೆ. ನಡುವೆ ಉಗುರು ತಡೆಯುವಷ್ಟು ಆಳದ ಗೀರುಗಳಿದ್ದರೆ ಹೊಸ ಪ್ಯಾಡ್ ಹಾಕಿಯೂ ಅದು ಆ ಗೀರಿನ ಆಕಾರಕ್ಕೇ ಸವೆಯುತ್ತದೆ, ಅರ್ಧ ಮೈಯಷ್ಟೇ ತಾಗುತ್ತದೆ.

ಡಿಸ್ಕಿನ ಮೇಲೆಯೇ, ಬೋಲ್ಟುಗಳ ಹತ್ತಿರ ಎಲ್ಲೋ, ಕನಿಷ್ಠ ದಪ್ಪ ಇಷ್ಟು ಮಿಲಿಮೀಟರ್ ಅಂತ ಇಂಗ್ಲಿಷಿನಲ್ಲಿ ಸಣ್ಣದಾಗಿ ಒತ್ತಿರುತ್ತಾರೆ. ಹೊಸದರಲ್ಲಿ 4 ಮಿಲಿಮೀಟರ್ ಇದ್ದ ಡಿಸ್ಕಿಗೆ 3.5 ಕೊನೆಯ ಮಿತಿ ಆಗಿರಬಹುದು, ನಿಮ್ಮದರಲ್ಲಿ ಎಷ್ಟಿದೆ ಅಂತ ಓದಿ. ಮೆಕ್ಯಾನಿಕ್ ಹತ್ತಿರ ಗೇಜ್ ಇದ್ದರೆ ನಾಲ್ಕು ಕಡೆ ಅಳತೆ ಮಾಡಿಸಿ. ಮಿತಿಗಿಂತ ತೆಳ್ಳಗಾದ ಡಿಸ್ಕಿಗೆ ಯಾವ ಪ್ಯಾಡೂ ಸರಿಯಲ್ಲ. ಬ್ರೇಕ್ ಹಿಡಿದಾಗ ಲಿವರ್ ಬೆರಳಿಗೆ ಧಡ್ ಧಡ್ ಅಂತ ಬಡಿಯುತ್ತಿದ್ದರೆ ಡಿಸ್ಕ್ ಸೊಟ್ಟಗಿರಬಹುದು, ಅದನ್ನೂ ಪ್ಯಾಡ್ ಸರಿ ಮಾಡುವುದಿಲ್ಲ. ಎಬಿಎಸ್ ಇರುವ ಬೈಕಿನಲ್ಲಿ ಎಬಿಎಸ್ ಕೆಲಸ ಮಾಡುವಾಗಲೂ ಲಿವರ್ ಬಡಿಯುತ್ತದೆ, ಆದರೆ ಅದು ಸಾಮಾನ್ಯವಾಗಿ ಜೋರು ಬ್ರೇಕಿಗೆ, ಮೆಲ್ಲಗೆ ಹಿಡಿದಾಗ ಅಲ್ಲ.

ಡೂಪ್ಲಿಕೇಟ್ ಹೇಗೆ ಗುರುತಿಸುವುದು

ಕಂಪನಿ ಹೆಸರಿನ ಪ್ಯಾಕೆಟ್ಟೇ ನಕಲಿ ಇರಬಹುದು. ಪ್ಯಾಕೆಟ್ ಮೇಲೆ ತಯಾರಕರ ಹೆಸರು, ವಿಳಾಸ, ತಯಾರಾದ ತಿಂಗಳು ವರ್ಷ, ಎಂಆರ್‌ಪಿ, ಗ್ರಾಹಕರ ದೂರಿನ ನಂಬರ್ ಎಲ್ಲಾ ಇರಲೇಬೇಕು. ಮುದ್ರಣ ಮಸುಕಾಗಿದ್ದರೆ, ಅಕ್ಷರ ತಪ್ಪಿದ್ದರೆ, ಸೀಲ್ ಒಮ್ಮೆ ಬಿಚ್ಚಿ ಮತ್ತೆ ಅಂಟಿಸಿದ ಹಾಗಿದ್ದರೆ ವಾಪಸ್ ಕೊಡಿ. ಆಮೇಲೆ ಪ್ಯಾಡನ್ನೇ ಕೈಯಲ್ಲಿ ಹಿಡಿದು ನೋಡಿ. ಒಳ್ಳೆಯ ಪ್ಯಾಡಿನ ತಗಡು ಸಮತಟ್ಟು, ಅಂಚು ನಯ, ಬಣ್ಣ ಒಂದೇ ಸಮ. ಲೈನಿಂಗ್ ಮತ್ತು ತಗಡು ಸೇರುವ ಗೆರೆಯಲ್ಲಿ ಎಲ್ಲೂ ಸಂದಿ, ಬಿರುಕು ಇರಬಾರದು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆಗುಂಬೆಯಿಂದ ಬಂದು ಬಿಚ್ಚಿಸಿದಾಗ ನನ್ನ ಆ ಪ್ಯಾಡಿನ ಒಂದು ಮೂಲೆಯಲ್ಲಿ ಲೈನಿಂಗ್ ತಗಡಿನಿಂದ ಎದ್ದಿತ್ತು. ಬೆರಳಿನ ಉಗುರು ಒಳಗೆ ಹೋಗುವಷ್ಟು ಸಂದಿ. ಇನ್ನೊಂದು ಇಳಿಜಾರು ಇಳಿದಿದ್ದರೆ ಅದು ಪೂರ್ತಿ ಕಿತ್ತು ಬರುತ್ತಿತ್ತೋ ಏನೋ.

ಬೆಂಗಳೂರಿನ ಜೆ.ಸಿ. ರೋಡಿನಂಥ ಕಡೆ ಹತ್ತಾರು ಅಂಗಡಿ ಸುತ್ತಿ ರೇಟ್ ಕೇಳಬಹುದು, ಕೇಳಿ. ಆದರೆ ಬಿಲ್ ಇಲ್ಲದೆ ಬ್ರೇಕಿನ ಸಾಮಾನು ತರಬೇಡಿ. 150 ಸಿಸಿ ಬೈಕಿನ ಕಂಪನಿ ಪ್ಯಾಡ್ ಸೆಟ್ಟಿಗೆ ಕೆಲವು ನೂರು ರೂಪಾಯಿ ಆಗುತ್ತದೆ. ಲೋಕಲ್‌ಗೂ ಅದಕ್ಕೂ ಇರುವ ವ್ಯತ್ಯಾಸ ಎರಡು ಮೂರು ಸಲ ಟ್ಯಾಂಕಿಗೆ ಹಾಕಿಸುವ ಪೆಟ್ರೋಲಿನಷ್ಟೂ ಇಲ್ಲ. ಹಾಗಂತ ಹೊರಗಿನ ಕಂಪನಿಯ ಪ್ಯಾಡ್ ಎಲ್ಲಾ ಕೆಟ್ಟದ್ದು ಅಂತಲ್ಲ. ಬೈಕ್ ಕಂಪನಿಗಳಿಗೇ ಪ್ಯಾಡ್ ಮಾಡಿಕೊಡುವ ತಯಾರಕರು ತಮ್ಮದೇ ಹೆಸರಿನಲ್ಲೂ ಮಾರುತ್ತಾರೆ, ಅದನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು.

ಎಣ್ಣೆ ತಾಗಿದ ಪ್ಯಾಡ್

ವಾಟರ್ ಸರ್ವೀಸಿಗೆ ಬಿಟ್ಟಾಗ ತೊಳೆದ ಮೇಲೆ ಮಿಂಚಲಿ ಅಂತ ಡೀಸೆಲ್ ಸ್ಪ್ರೇ ಹೊಡೆಯುವುದುಂಟು. ಒಮ್ಮೆ ನನ್ನ ಬೈಕಿಗೂ ಹೊಡೆದರು, ಹಿಂದಿನ ಡಿಸ್ಕಿನ ಮೇಲೂ ಬಿತ್ತು. ಹೊಸ ಪ್ಯಾಡ್ ಹಾಕಿ ತಿಂಗಳಾಗಿರಲಿಲ್ಲ. ಪೆಟ್ರೋಲಿನಲ್ಲಿ ತೊಳೆದೆ, ಉಪ್ಪು ಕಾಗದದಲ್ಲಿ ಉಜ್ಜಿದೆ, ಬಿಸಿಲಿಗಿಟ್ಟೆ. ಒಂದೆರಡು ದಿನ ಸರಿ ಅನಿಸಿತು, ಬಿಸಿಯಾದಾಗ ಒಳಗೆ ಹೀರಿದ್ದ ಎಣ್ಣೆ ಮತ್ತೆ ಮೇಲೆ ಬಂತು. ಕೊನೆಗೆ ಬದಲಿಸಲೇಬೇಕಾಯಿತು. ಲೈನಿಂಗ್ ಎಣ್ಣೆ ಹೀರಿದರೆ ಅದನ್ನು ಉಳಿಸಿಕೊಳ್ಳಲು ಒದ್ದಾಡಬೇಡಿ. ಇನ್ನು ಮುಂದೆ ಸರ್ವೀಸಿಗೆ ಬಿಡುವಾಗ "ಡಿಸ್ಕಿಗೆ ಏನೂ ಹೊಡೆಯಬೇಡಿ" ಅಂತ ಮೊದಲೇ ಹೇಳಿ, ಮನೆಯಲ್ಲಿ ಚೈನಿಗೆ ಸ್ಪ್ರೇ ಹೊಡೆಯುವಾಗ ಹಿಂದಿನ ಡಿಸ್ಕಿಗೆ ಒಂದು ಹಳೆಯ ಬಟ್ಟೆ ಮುಚ್ಚಿ.

ಹಾಕಿಸುವಾಗ ಪಕ್ಕದಲ್ಲೇ ನಿಂತು ನೋಡಿ

ಒಂದು ಕ್ಯಾಲಿಪರಿನ ಎರಡೂ ಪ್ಯಾಡ್ ಒಟ್ಟಿಗೇ ಬದಲಾಗಬೇಕು, ಒಂದೇ ಸವೆದಿದ್ದರೂ ಸರಿ. ಮುಂದೆ ಎರಡು ಡಿಸ್ಕ್ ಇರುವ ಬೈಕಾದರೆ ಎರಡೂ ಕಡೆಯದ್ದು ಒಟ್ಟಿಗೆ. ಹಳೆಯ ಪ್ಯಾಡಿನ ಬೆನ್ನಿಗೆ ತೆಳ್ಳಗಿನ ತಗಡಿನ ಶಿಮ್ ಇದ್ದು ಹೊಸದರಲ್ಲಿ ಇಲ್ಲದಿದ್ದರೆ ಅದನ್ನು ಬಿಚ್ಚಿ ಹೊಸದಕ್ಕೆ ಹಾಕಬೇಕು. ಎಷ್ಟೋ ಗ್ಯಾರೇಜಿನಲ್ಲಿ ಅದು ಹಳೆಯ ಪ್ಯಾಡಿನ ಜೊತೆಗೇ ಕಸಕ್ಕೆ ಹೋಗುತ್ತದೆ, ಆಮೇಲೆ ಬ್ರೇಕ್ ಶಿಳ್ಳೆ ಹಾಕತೊಡಗುತ್ತದೆ. ಧೂಳನ್ನು ಗಾಳಿ ಪೈಪಿನಿಂದ ಊದಿಸಬೇಡಿ, ಅದು ನೇರ ಮೂಗಿಗೆ ಹೋಗುತ್ತದೆ. ಬ್ರೇಕ್ ಕ್ಲೀನರ್ ಅಥವಾ ಒದ್ದೆ ಬಟ್ಟೆ ಸಾಕು.

ಹೊಸ ಪ್ಯಾಡ್ ದಪ್ಪ ಇರುವುದರಿಂದ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕು. ಅದಕ್ಕೆ ಮುಂಚೆ ಪಿಸ್ಟನ್ ಸುತ್ತ ಅಂಟಿದ ಕೊಳೆ ಒರೆಸಿಸಿ, ಇಲ್ಲದಿದ್ದರೆ ಆ ಕೊಳೆಯೆಲ್ಲಾ ಸೀಲಿನ ಒಳಗೆ ಹೋಗುತ್ತದೆ. ಒತ್ತುವಾಗ ಮೇಲಿನ ಡಬ್ಬಿಯಲ್ಲಿ ಆಯಿಲ್ ಏರುತ್ತದೆ. ನಡುವೆ ಯಾರಾದರೂ ತುಂಬಿಸಿದ್ದರೆ ಉಕ್ಕಿ ಟ್ಯಾಂಕಿನ ಮೇಲೆ ಬೀಳುತ್ತದೆ, ಬ್ರೇಕ್ ಆಯಿಲ್ ಬಿದ್ದ ಕಡೆ ಪೇಂಟ್ ಏಳುತ್ತದೆ. ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಜಾರುವ ಪಿನ್‌ಗಳಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿಸಿ, ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಲೈನಿಂಗಿನ ಮೇಲೂ ಡಿಸ್ಕಿನ ಮೇಲೂ ಗ್ರೀಸಿನ ಬೆರಳು ತಾಗಬಾರದು.

ಎಲ್ಲಾ ಮುಗಿದ ಮೇಲೆ, ಬೈಕು ಹತ್ತುವ ಮುಂಚೆ, ಲಿವರನ್ನು ಹತ್ತು ಹದಿನೈದು ಸಲ ಒತ್ತಿ. ಮೊದಲ ಕೆಲವು ಸಲ ಲಿವರ್ ಸುಮ್ನೆ ಒಳಗೆ ಬರುತ್ತದೆ, ಏನೂ ಹಿಡಿಯುವುದಿಲ್ಲ, ಪಿಸ್ಟನ್ ಮುಂದೆ ಬಂದು ಪ್ಯಾಡಿಗೆ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಇದನ್ನು ಮರೆತು ಗ್ಯಾರೇಜಿನಿಂದ ನೇರ ರಸ್ತೆಗೆ ಇಳಿದರೆ ಮೊದಲ ಬ್ರೇಕಿಗೆ ಬೈಕು ನಿಲ್ಲುವುದೇ ಇಲ್ಲ.

ಆಮೇಲೆ ಪ್ಯಾಡನ್ನು ಪಳಗಿಸಬೇಕು. ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗಕ್ಕೆ ಹೋಗಿ, ಮಧ್ಯಮ ಒತ್ತಡದಲ್ಲಿ ಬ್ರೇಕ್ ಹಿಡಿದು ಹತ್ತಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ, ಮತ್ತೆ ವೇಗ ಏರಿಸಿ. ಹೀಗೆ ಎಂಟು ಹತ್ತು ಸಲ, ನಡುನಡುವೆ ಸ್ವಲ್ಪ ದೂರ ಬ್ರೇಕ್ ಮುಟ್ಟದೆ ಓಡಿಸಿ ತಣ್ಣಗಾಗಲು ಬಿಡಿ. ಲೈನಿಂಗಿನ ತೆಳ್ಳಗಿನ ಪದರ ಡಿಸ್ಕಿಗೆ ಸಮನಾಗಿ ಹತ್ತಿಕೊಳ್ಳುತ್ತದೆ, ಹಿಡಿತ ಬರುತ್ತದೆ. ಮೊದಲ 200-300 ಕಿಲೋಮೀಟರ್ ಘಾಟಿ ಬೇಡ, ಹಿಂದೆ ಭಾರ ಬೇಡ, ಜೋರು ಬ್ರೇಕ್ ಬೇಡ. ನಾಳೆ ಪ್ರವಾಸ ಇದೆ ಅಂತ ಇವತ್ತು ಸಂಜೆ ಪ್ಯಾಡ್ ಹಾಕಿಸುವವರು ದಯವಿಟ್ಟು ಒಂದು ವಾರ ಮುಂಚೆಯೇ ಹಾಕಿಸಿ.

500 ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಟಾರ್ಚ್ ಹಾಕಿ ಎರಡೂ ಪಕ್ಕ ಸಮನಾಗಿ ಸವೆಯುತ್ತಿದೆಯಾ ಅಂತ ನೋಡಿ. ಬಿಚ್ಚಿದ ಹಳೆಯ ಪ್ಯಾಡಿನಲ್ಲಿ ಒಂದನ್ನು ಎಸೆಯದೆ ಇಟ್ಟುಕೊಳ್ಳಿ. ಅದರ ತಗಡಿನ ಮೇಲೆ ಮಾರ್ಕರ್ ಪೆನ್ನಿನಿಂದ ಮುಂದಿನದ್ದೋ ಹಿಂದಿನದ್ದೋ, ಬದಲಿಸಿದಾಗ ಮೀಟರಿನಲ್ಲಿ ಎಷ್ಟಿತ್ತು, ಪಾರ್ಟ್ ನಂಬರ್ ಏನು ಅಂತ ಬರೆದು ಒಂದು ಕವರಿನಲ್ಲಿ ಹಾಕಿಡಿ. ನನ್ನದು ಸೀಟಿನ ಕೆಳಗೆ ಟೂಲ್ ಕಿಟ್ ಜೊತೆಗೇ ಇರುತ್ತದೆ. ಈಗ ಅಂಗಡಿಗೆ ಹೋದರೆ ಅದನ್ನೇ ಕೌಂಟರಿನ ಮೇಲಿಟ್ಟು "ಇದರದ್ದೇ ಕೊಡಿ ಅಣ್ಣಾ, ಬಿಲ್ ಹಾಕಿ" ಅನ್ನುತ್ತೇನೆ.